ಬೈಪಾಸ್ ಆಗಿ ಒಂಬತ್ತನೇ ವರ್ಷ: ತೂಕ ಕಾಯುವ ಕೆಲಸದ ಲಾಗ್

ಹೊಸದಾಗಿ ಓದುವವರಿಗೆ ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಆಪರೇಷನ್ನಿಗೆ ಮುಂಚೆ 124 ಕೆಜಿ ಇದ್ದೆ. ಗ್ಯಾಸ್ಟ್ರಿಕ್ ಬೈಪಾಸ್ (ಹೊಟ್ಟೆಯನ್ನು ಚಿಕ್ಕ ಚೀಲ ಮಾಡಿ, ಸಣ್ಣ ಕರುಳಿನ ಮೊದಲ ಭಾಗ ಬಿಟ್ಟು ಮುಂದಕ್ಕೆ ಜೋಡಿಸುವ ಆಪರೇಷನ್) ಆಯಿತು, ಎರಡು ವರ್ಷ ತುಂಬುವಷ್ಟರಲ್ಲಿ 74ಕ್ಕೆ ಇಳಿದೆ. ಅಲ್ಲಿಂದ ಮೆಲ್ಲಗೆ ಏರುತ್ತಾ ಬಂದು 82ರ ಆಸುಪಾಸಿನಲ್ಲಿ ನಿಂತಿದೆ, ನಿಂತು ಕೆಲವು ವರ್ಷವೇ ಆಯಿತು. ಇಳಿಸಿದ ಕಥೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಇದು ಇಳಿದದ್ದನ್ನು ಉಳಿಸಿಕೊಳ್ಳುವ ಕೆಲಸದ ಲಾಗ್. ಏನು ಮಾಡುತ್ತಿದ್ದೇನೆ, ಏನು ಬದಲಾಯಿಸಿದೆ, ಅಂಕಿ ಎಲ್ಲಿದೆ, ಅಷ್ಟೇ. ಓದಲು ಅಂಥಾ ರೋಚಕವಾಗಿರುವುದಿಲ್ಲ.

ಜನವರಿ

ಈ ವರ್ಷದ ಗೆರೆ ಹಾಕಿಕೊಂಡೆ: 84. ವಾರದ ಸರಾಸರಿ ನಾಲ್ಕು ವಾರ ಸತತವಾಗಿ 84 ದಾಟಿದರೆ ಡಾಕ್ಟರ್ ಹತ್ತಿರ ಹೋಗುವುದು. ಅದಕ್ಕಿಂತ ಕೆಳಗಿದ್ದರೆ ತಲೆ ಕೆಡಿಸಿಕೊಳ್ಳುವಂತಿಲ್ಲ. ಒಂದು ದಿನದ ಅಂಕಿಗೆ ಬೆಲೆಯೇ ಇಲ್ಲ; ಉಪ್ಪು ಜಾಸ್ತಿಯಾದರೆ, ನಿದ್ದೆ ಕಡಿಮೆಯಾದರೆ, ಹೊಟ್ಟೆ ಸರಿಯಾಗಿ ಖಾಲಿಯಾಗದಿದ್ದರೆ ಒಂದೂವರೆ ಕೆಜಿ ಹಾಗೇ ಏರಿರುತ್ತದೆ, ಎರಡು ದಿನಕ್ಕೆ ಇಳಿದಿರುತ್ತದೆ.

74 ಯಾಕೆ ಗುರಿ ಅಲ್ಲ ಅಂತ ಕೇಳುವವರಿದ್ದಾರೆ. 8 ಕೆಜಿ ವಾಪಸ್ ಬಂತಲ್ಲ, ಆಪರೇಷನ್ ಫೇಲ್ ಆಯ್ತಾ ಅಂತಲೂ ಕೇಳುತ್ತಾರೆ. ಅಮೆರಿಕದ ಯೂಟಾದಲ್ಲಿ ಬೈಪಾಸ್ ಆದವರನ್ನು 12 ವರ್ಷ ಗಮನಿಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅದರಲ್ಲಿ ಸರಾಸರಿ ಇಳಿಕೆ 2ನೇ ವರ್ಷಕ್ಕೆ 45 ಕೆಜಿ, 6ನೇ ವರ್ಷಕ್ಕೆ ಸುಮಾರು 36, 12ನೇ ವರ್ಷಕ್ಕೆ 35. ಅಂದರೆ ಸ್ವಲ್ಪ ವಾಪಸ್ ಬರುತ್ತದೆ, ಆಮೇಲೆ ನಿಲ್ಲುತ್ತದೆ. ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ, ತೂಕ ಇಳಿಸುವ ಆಪರೇಷನ್ ಆದವರನ್ನು ಗಮನಿಸಿದ ಎಸ್‌ಒಎಸ್ ಅಧ್ಯಯನದ ಗ್ರಾಫ್ ನೋಡಿದರೂ ಇದೇ ಆಕಾರ. ಮೊದಲ ಒಂದೆರಡು ವರ್ಷಕ್ಕೆ ತಳ ಮುಟ್ಟುತ್ತದೆ, ಮತ್ತೆ ಮೆಲ್ಲಗೆ ಏರುತ್ತದೆ, ಎಂಟು–ಹತ್ತು ವರ್ಷದ ಹೊತ್ತಿಗೆ ಸಮವಾಗುತ್ತದೆ. ಅಲ್ಲಿ ಬೈಪಾಸ್ ಆದವರು ಹತ್ತು ವರ್ಷದ ನಂತರವೂ ಮೊದಲಿನ ತೂಕಕ್ಕಿಂತ ಸರಾಸರಿ 25% ಕಡಿಮೆ ಇದ್ದರು. ನನ್ನದು ಈಗ 34% ಕಡಿಮೆ. ಹಾಗಾಗಿ 74 ಅನ್ನುವುದು ನಾನು ಹಾದುಹೋದ ಅಂಕಿ, ನೆಲೆ ನಿಂತ ಅಂಕಿಯಲ್ಲ. ಅದನ್ನೇ ಗುರಿ ಅಂತ ಹಿಡಿದು ಕೂತರೆ ಚೆನ್ನಾಗಿ ನಡೆಯುತ್ತಿರುವ ಕೆಲಸವೂ ಸೋಲಿನ ಹಾಗೆ ಕಾಣುತ್ತದೆ, ಸೋತೆ ಅನ್ನಿಸಿದ ಮೇಲೆ ತಿನ್ನುವುದು ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತು.

ಫೆಬ್ರವರಿ

ಕ್ಯಾಲೊರಿ ಬರೆಯುವುದನ್ನು ಪೂರ್ತಿ ಬಿಟ್ಟಿದ್ದೇನೆ. ಈಗ ಗಂಟೆ ಮಾತ್ರ ಬರೆಯುತ್ತೇನೆ. ಬಾಯಿಗೆ ಏನಾದರೂ ಹಾಕಿದ ಹೊತ್ತು, ಅಷ್ಟೇ. 8, 11, 1.30, 5, 8. ಐದು ಗುರುತು ಇದ್ದರೆ ಸರಿ. ಎಂಟು, ಒಂಬತ್ತು ಗುರುತು ಬೀಳಲು ಶುರುವಾದರೆ ತೂಕದ ಮಷೀನು ಹೇಳುವುದಕ್ಕೆ ಎರಡು ಮೂರು ವಾರ ಮುಂಚೆಯೇ ನನಗೆ ಗೊತ್ತಾಗುತ್ತದೆ. ಈ ಆಪರೇಷನ್ ಆದವರು ಒಂದೇ ಸಲ ಕೂತು ತಟ್ಟೆಗಟ್ಟಲೆ ತಿನ್ನುವುದು ಕಷ್ಟ. ನಮಗೆ ತೂಕ ಬರುವುದು ಆ ದಾರಿಯಲ್ಲಿ ಅಲ್ಲ. ಓಡಾಡುತ್ತಾ ಒಂದು ಬಿಸ್ಕತ್ತು, ಫೋನ್ ನೋಡುತ್ತಾ ಎರಡು ಚಿಪ್ಸ್, ಮಗು ಬಿಟ್ಟ ಅರ್ಧ ತುಂಡು, ಹೀಗೆ ದಿನವಿಡೀ ಕುರುಕುವುದು. ಇದರಲ್ಲಿ ಯಾವುದೂ ಊಟ ಅಂತ ಅನ್ನಿಸುವುದಿಲ್ಲ, ಅದೇ ತೊಂದರೆ.

ಚೀಲ ಹಿಗ್ಗಿಬಿಟ್ಟಿದೆ ಅಂತ ಹೆದರುವವರು ಜಾಸ್ತಿ. ಬೈಪಾಸ್‌ನಲ್ಲಿ ಹೊಟ್ಟೆಯ ಚೀಲವನ್ನು ಸುಮಾರು 30 ಎಂಎಲ್‌ನಷ್ಟು ಚಿಕ್ಕದು ಮಾಡುತ್ತಾರೆ, ಕಾಲ ಕಳೆದ ಹಾಗೆ ಅದು ಸ್ವಲ್ಪ ದೊಡ್ಡದಾಗುವುದು ಸಹಜ. ಐದು ದಿನ ಬರೀ ದ್ರವ ಕುಡಿದು ಚೀಲವನ್ನು ಮತ್ತೆ ಚಿಕ್ಕದು ಮಾಡಿ ಅಂತ ಒಂದು ಉಪಾಯ ಓಡಾಡುತ್ತಿರುತ್ತದೆ. ಚೀಲ ಹಾಗೆಲ್ಲ ಕುಗ್ಗುವುದಿಲ್ಲ. ಐದು ದಿನದಲ್ಲಿ ನೀರಿನ ತೂಕ ಇಳಿಯುತ್ತದೆ, ಆರನೇ ದಿನ ವಾಪಸ್ ಬರುತ್ತದೆ. ನನ್ನ ಅನುಭವದಲ್ಲಿ ಚೀಲದ ಅಳತೆಗಿಂತ ಅದರೊಳಗೆ ಏನು ಬೀಳುತ್ತದೆ ಅನ್ನುವುದೇ ಮುಖ್ಯ. ಮೊಟ್ಟೆ, ಮೀನು, ಕಾಳು, ಪನೀರ್ ಥರದ್ದು ಅಲ್ಲಿ ಕೂರುತ್ತದೆ, ಹೊಟ್ಟೆ ತುಂಬಿತು ಅನ್ನಿಸುತ್ತದೆ. ಬಾಯಲ್ಲೇ ಕರಗುವ ಬಿಸ್ಕತ್ತು, ಚಿಪ್ಸ್, ಐಸ್‌ಕ್ರೀಮ್ ಮಾತ್ರ ಜಾರಿಕೊಂಡು ಕೆಳಗೆ ಹೋಗಿಬಿಡುತ್ತದೆ. ಜೊತೆಗೆ ಏನಾದರೂ ಕುಡಿದರಂತೂ ಮುಗಿಯಿತು. ಊಟದ ಜೊತೆ ನೀರು ಬೇಡ, ಊಟ ಮುಗಿದು ಅರ್ಧ ಗಂಟೆ ಬಿಟ್ಟು ಕುಡಿಯಿರಿ ಅಂತ ಮೊದಲ ದಿನ ಹೇಳಿದ್ದನ್ನು ಒಂಬತ್ತನೇ ವರ್ಷದಲ್ಲೂ ಪಾಲಿಸುತ್ತಿದ್ದೇನೆ.

ತಟ್ಟೆಯಲ್ಲಿ ಮೊದಲು ಪ್ರೋಟೀನ್, ಆಮೇಲೆ ತರಕಾರಿ, ಜಾಗ ಉಳಿದರೆ ಮಿಕ್ಕಿದ್ದು. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ನನ್ನ ಲೆಕ್ಕ. ಇದೊಂದನ್ನು ಮಾತ್ರ ಆಗಾಗ ತೂಗಿ ನೋಡುತ್ತೇನೆ, ಯಾಕೆಂದರೆ ಕಣ್ಣಳತೆ ಯಾವಾಗಲೂ ನಮ್ಮ ಪರವಾಗಿಯೇ ಸುಳ್ಳು ಹೇಳುತ್ತದೆ.

ಹಸಿವಿನ ಬಗ್ಗೆ ಒಂದು ಮಾತು. ಮೊದಲ ವರ್ಷ ಹಸಿವೇ ಇರಲಿಲ್ಲ. ಊಟವಾದ ಮೇಲೆ ಕರುಳಿನಿಂದ ಬರುವ ಜಿಎಲ್‌ಪಿ-1, ಪಿವೈವೈ ಹಾರ್ಮೋನುಗಳು ಬೈಪಾಸ್ ಆದವರಲ್ಲಿ ಜಾಸ್ತಿ ಬರುತ್ತವೆ, ಸಾಕು ಅಂತ ಮಿದುಳಿಗೆ ಬೇಗ ಹೇಳುತ್ತವೆ. ಹಾಗಿದ್ದರೂ ವರ್ಷ ಕಳೆದ ಹಾಗೆ ಹಸಿವು ವಾಪಸ್ ಬಂತು, ಮೊದಲಿನಷ್ಟಲ್ಲ, ಆದರೆ ಬಂತು. ಜೊತೆಗೆ ತೂಕ ಇಳಿದ ದೇಹಕ್ಕೆ ಬೇಕಾಗುವ ಶಕ್ತಿಯೂ ಕಡಿಮೆ. ಆಪರೇಷನ್ ಇಲ್ಲದೆ ಟಿವಿ ಸ್ಪರ್ಧೆಯೊಂದರಲ್ಲಿ ಸಿಕ್ಕಾಪಟ್ಟೆ ತೂಕ ಇಳಿಸಿದವರನ್ನು ಆರು ವರ್ಷದ ನಂತರ ಪರೀಕ್ಷೆ ಮಾಡಿದಾಗ, ಸುಮ್ಮನೆ ಕೂತಾಗ ಅವರ ದೇಹ ಲೆಕ್ಕಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಸುಡುತ್ತಿತ್ತು. 2016ರ ವರದಿ ಅದು. ನಮ್ಮ ಕಥೆ ಅಷ್ಟು ಕೆಟ್ಟದಿಲ್ಲ, ಆದರೆ ದಿಕ್ಕು ಅದೇ. ಮನಸ್ಸು ಗಟ್ಟಿ ಮಾಡು ಅಂತ ಬುದ್ಧಿ ಹೇಳುವವರಿಗೆ ಇದನ್ನು ಓದಿಸಬೇಕು ಅನ್ನಿಸುತ್ತದೆ.

ಮಾರ್ಚ್

ತಿಂಗಳ ಸರಾಸರಿ 82.3. ಈ ತಿಂಗಳು ಸಣ್ಣ ವರದಿ. ಮಧ್ಯಾಹ್ನ ಊಟವಾಗಿ ಎರಡು ಗಂಟೆಗೆ ಕೈ ನಡುಗುವುದು, ಬೆವರುವುದು, ತಲೆ ಖಾಲಿ ಅನ್ನಿಸುವುದು ಶುರುವಾಗಿತ್ತು. ಬೈಪಾಸ್ ಆದವರಲ್ಲಿ ವರ್ಷಗಳ ನಂತರವೂ ಇದು ಕಾಣಿಸಿಕೊಳ್ಳಬಹುದು. ಸಕ್ಕರೆ, ಪಿಷ್ಟ ಜಾಸ್ತಿ ಇರುವ ಊಟ ಕರುಳಿಗೆ ಸರ್ರನೆ ಇಳಿಯುತ್ತದೆ, ರಕ್ತದ ಸಕ್ಕರೆ ಏರುತ್ತದೆ, ಇನ್ಸುಲಿನ್ ಅಗತ್ಯಕ್ಕಿಂತ ಜಾಸ್ತಿ ಬರುತ್ತದೆ, ಒಂದರಿಂದ ಮೂರು ಗಂಟೆಯೊಳಗೆ ಸಕ್ಕರೆ ಕುಸಿಯುತ್ತದೆ. ಊಟವಾದ ಅರ್ಧ ಗಂಟೆಯೊಳಗೆ ಬರುವ ಡಂಪಿಂಗ್ (ಊಟ ಒಮ್ಮೆಲೇ ಕರುಳಿಗೆ ಇಳಿದಾಗ ಆಗುವ ಹೊಟ್ಟೆನೋವು, ತಲೆಸುತ್ತು) ಬೇರೆ, ಇದು ತಡವಾಗಿ ಬರುವಂಥದ್ದು. ಇದರಲ್ಲಿ ತೂಕದ ಬಲೆಯೂ ಇದೆ: ನಡುಗಿದಾಗ ಸಿಹಿ ತಿನ್ನುತ್ತೀರಿ, ಅದು ಮತ್ತೆ ಏರಿಸಿ ಇಳಿಸುತ್ತದೆ, ಮತ್ತೆ ತಿನ್ನುತ್ತೀರಿ. ಡಾಕ್ಟರಿಗೆ ತೋರಿಸಿದೆ. ಮಧ್ಯಾಹ್ನದ ಪಿಷ್ಟ ಅರ್ಧ ಮಾಡಿ, ಸಂಜೆಯ ಹಣ್ಣಿನ ಜೊತೆ ಒಂದು ಹಿಡಿ ಬೀಜ ಸೇರಿಸಿದ ಮೇಲೆ ಬಹುಮಟ್ಟಿಗೆ ನಿಂತಿದೆ. ನಿಮಗೂ ಹೀಗಾದರೆ ಸುಸ್ತು ಅಂತ ಬಿಟ್ಟುಬಿಡಬೇಡಿ, ಡಾಕ್ಟರಿಗೆ ಹೇಳಿ. ಗಾಡಿ ಓಡಿಸುವಾಗ ಆದರೆ ಅಪಾಯ.

ಏಪ್ರಿಲ್

ಈ ತಿಂಗಳ ದೊಡ್ಡ ಕೆಲಸ ಭಾರ ಎತ್ತುವುದು. ವರ್ಷಗಟ್ಟಲೆ ನಾನು ನಡೆಯುವುದನ್ನೇ ನಂಬಿದ್ದೆ, ನಡಿಗೆ ಈಗಲೂ ಇದೆ, ಬಿಡುವುದಿಲ್ಲ. ಆದರೆ ತೂಕ ಇಳಿಯುವಾಗ ಕೊಬ್ಬು ಮಾತ್ರ ಹೋಗುವುದಿಲ್ಲ, ಸ್ನಾಯುವೂ ಹೋಗುತ್ತದೆ. ವಯಸ್ಸಾದ ಹಾಗೆ ಇನ್ನೂ ಹೋಗುತ್ತದೆ. ಅದನ್ನು ಹಿಡಿದಿಡಲು ಪ್ರೋಟೀನ್ ಒಂದೇ ಸಾಲದು, ಸ್ನಾಯುವಿಗೆ ಕೆಲಸ ಕೊಡಬೇಕು. ವಾರಕ್ಕೆ ಎರಡು ದಿನ ಜಿಮ್. ನೆಲದಿಂದ ಬಾರ್ ಎತ್ತುವುದು 30 ಕೆಜಿಯಿಂದ ಶುರುವಾಗಿ ಈಗ 45ಕ್ಕೆ ಬಂದಿದೆ. ಬೇರೆಯವರ ಬಾರ್ ನೋಡಿದರೆ ನನ್ನದು ಆಟಿಕೆ, ಪರವಾಗಿಲ್ಲ.

ತಮಾಷೆ ಏನೆಂದರೆ ಈ ತಿಂಗಳು ತೂಕ 82.9ಕ್ಕೆ ಏರಿತು, ಸೊಂಟದ ಅಳತೆ ಎರಡು ಸೆಂಟಿಮೀಟರ್ ಇಳಿಯಿತು. ಹೊಸದಾಗಿ ಭಾರ ಎತ್ತಲು ಶುರು ಮಾಡಿದಾಗ ಸ್ನಾಯುವಿನಲ್ಲಿ ನೀರು ನಿಲ್ಲುವುದೂ ಇದೆ, ಅದಕ್ಕೇ ಇಡೀ ಶ್ರೇಯಸ್ಸನ್ನು ಸ್ನಾಯುವಿಗೆ ಕೊಡುತ್ತಿಲ್ಲ. ಆದರೂ ಇನ್ನು ಮೇಲೆ ಲಾಗ್‌ನಲ್ಲಿ ಟೇಪಿನ ಅಂಕಿಯೂ ಇರುತ್ತದೆ. ಜೋತುಬಿದ್ದ ಚರ್ಮಕ್ಕೂ ತೂಕ ಇದೆ ಅಂತ ಯಾರೂ ಲೆಕ್ಕ ಹಾಕುವುದಿಲ್ಲ, ಅದು ಬೇರೆ ವಿಷಯ.

ಮಂಡಿ ನೋವು ಬಂತು. ಜಿಮ್‌ನಲ್ಲಿ ಪಕ್ಕದವರು ಪ್ರೀತಿಯಿಂದ ಒಂದು ನೋವಿನ ಮಾತ್ರೆ ಕೊಡಲು ಬಂದರು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಗುಂಪಿನ ಮಾತ್ರೆ ನಾವು ತಗೊಳ್ಳುವಂತಿಲ್ಲ, ಚೀಲ ಮತ್ತು ಕರುಳು ಸೇರುವ ಜಾಗದಲ್ಲಿ ಹುಣ್ಣಾಗುತ್ತದೆ. ಎಷ್ಟು ವರ್ಷ ಕಳೆದರೂ ಈ ನಿಯಮ ಹಾಗೇ ಇರುತ್ತದೆ. ಸಿಗರೇಟಿಗೂ ಇದೇ ಮಾತು. ಪ್ಯಾರಸಿಟಮಾಲ್, ಐಸ್ ಪ್ಯಾಕ್, ಒಂದು ವಾರ ಕಾಲಿಗೆ ರಜೆ. ಸರಿಹೋಯಿತು.

ಮೇ

ವರ್ಷದ ರಕ್ತ ಪರೀಕ್ಷೆ ಬಂತು. ಹಿಮೋಗ್ಲೋಬಿನ್ ನೋಡಲು ಚೆನ್ನಾಗಿದೆ. ದೇಹದಲ್ಲಿ ಶೇಖರವಾಗಿರುವ ಕಬ್ಬಿಣವನ್ನು ತೋರಿಸುವ ಫೆರಿಟಿನ್ ಮಾತ್ರ 11. ಅಂದರೆ ರಕ್ತ ಇನ್ನೂ ಸರಿಯಿದೆ, ಆದರೆ ಕಬ್ಬಿಣದ ಉಗ್ರಾಣ ಖಾಲಿಯಾಗುತ್ತಿದೆ. ಹಿಮೋಗ್ಲೋಬಿನ್ ಒಂದನ್ನೇ ಮಾಡಿಸಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ, ದಯವಿಟ್ಟು ಫೆರಿಟಿನ್ ಕೇಳಿ ಮಾಡಿಸಿ. ಕಬ್ಬಿಣ ಜಾಸ್ತಿ ಹೀರಲ್ಪಡುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ, ಬೈಪಾಸ್ ತಪ್ಪಿಸಿ ಹೋಗುವುದೂ ಅದೇ ಭಾಗವನ್ನು. ಹೊಟ್ಟೆಯ ಆಮ್ಲವೂ ಕಡಿಮೆ. ಹಾಗಾಗಿ ಇದು ಒಂದು ಸಲ ಸರಿ ಮಾಡಿ ಮರೆಯುವ ಸಮಸ್ಯೆಯಲ್ಲ.

ಮಾತ್ರೆಯ ವೇಳಾಪಟ್ಟಿ ಹೊಸದಾಗಿ ಜೋಡಿಸಿದೆ. ಕಬ್ಬಿಣ ಬೆಳಗ್ಗೆ ವಿಟಮಿನ್ ಸಿ ಜೊತೆ, ಕಾಫಿ ಟೀ ಹತ್ತಿರ ಸುಳಿಯುವಂತಿಲ್ಲ. ಕ್ಯಾಲ್ಸಿಯಂ ಅದರಿಂದ ಕನಿಷ್ಠ ಎರಡು ಗಂಟೆ ದೂರ, ಯಾಕೆಂದರೆ ಎರಡೂ ಒಟ್ಟಿಗೆ ಹೋದರೆ ಒಂದಕ್ಕೊಂದು ಅಡ್ಡ ಬರುತ್ತವೆ. ಕ್ಯಾಲ್ಸಿಯಂ ಸಿಟ್ರೇಟ್ ಅಂತ ನೋಡಿ ತಗೊಳ್ಳಿ. ಕಾರ್ಬೊನೇಟ್‌ಗೆ ಆಮ್ಲ ಬೇಕು, ಸಿಟ್ರೇಟ್‌ಗೆ ಬೇಡ. ದಿನಕ್ಕೆ 1200ರಿಂದ 1500 ಮಿಲಿಗ್ರಾಂ ಒಂದೇ ಸಲ ನುಂಗಿದರೆ ಪ್ರಯೋಜನವಿಲ್ಲ, 500ರ ಹಾಗೆ ಹಂಚಬೇಕು. ಬಿ12, ಡಿ3, ಮಲ್ಟಿವಿಟಮಿನ್ ಮೊದಲಿನ ಹಾಗೇ. ಬಿ12 ಬಗ್ಗೆ ನನಗೆ ಸಿಟ್ಟು ಬರುವ ಮಾತೊಂದಿದೆ: "ನಾನು ನಿಲ್ಲಿಸಿ ಎರಡು ವರ್ಷವಾಯಿತು, ಏನೂ ಆಗಿಲ್ಲ." ಬಿ12 ಲಿವರ್‌ನಲ್ಲಿ ವರ್ಷಗಳಿಗಾಗುವಷ್ಟು ಶೇಖರವಾಗಿರುತ್ತದೆ, ಅದು ಮುಗಿಯುವವರೆಗೆ ಏನೂ ಗೊತ್ತಾಗುವುದಿಲ್ಲ. ಮುಗಿದ ಮೇಲೆ ಹಾಳಾಗುವುದು ನರಗಳು, ಮತ್ತೆ ಪೂರ್ತಿ ಸರಿಹೋಗುತ್ತದೆ ಅಂತ ಗ್ಯಾರಂಟಿಯಿಲ್ಲ.

ಇದಕ್ಕೂ ತೂಕಕ್ಕೂ ಏನು ಸಂಬಂಧ ಅಂತ ಕೇಳಬಹುದು. ಕಬ್ಬಿಣ ಕಡಿಮೆಯಾದರೆ ಸುಸ್ತು, ಸುಸ್ತಾದರೆ ಜಿಮ್ ಇಲ್ಲ, ಸಂಜೆ ಸೋಫಾ, ಕೈಗೆ ಸಿಕ್ಕಿದ್ದು ಬಾಯಿಗೆ. ನನ್ನ ಗಂಟೆ ಪುಸ್ತಕದಲ್ಲಿ ಏಪ್ರಿಲ್ ಕೊನೆಯಿಂದ ಸಂಜೆಯ ಗುರುತು ಜಾಸ್ತಿಯಾಗಿದ್ದು ಯಾಕೆ ಅಂತ ಈ ರಿಪೋರ್ಟ್ ನೋಡಿದ ಮೇಲೆ ಸ್ವಲ್ಪ ಅರ್ಥವಾಯಿತು.

ಜೂನ್

ಸರಾಸರಿ 82.6. ಸೊಂಟ ಏಪ್ರಿಲ್‌ನಷ್ಟೇ.

84 ದಾಟಿದರೆ ಏನು ಮಾಡುವುದು ಅಂತ ಡಾಕ್ಟರ್ ಜೊತೆ ಈಗಲೇ ಮಾತಾಡಿ ಇಟ್ಟಿದ್ದೇನೆ, ದಾಟಿದ ಮೇಲೆ ಯೋಚಿಸಿದರೆ ತಲೆ ನೆಟ್ಟಗಿರುವುದಿಲ್ಲ. ಮೊದಲು ಡಯಟಿಷಿಯನ್ ಜೊತೆ ಒಂದು ಸುತ್ತು. ಅದರಿಂದ ಆಗದಿದ್ದರೆ ಹಸಿವು ಕಡಿಮೆ ಮಾಡುವ ಸೆಮಾಗ್ಲುಟೈಡ್ ಥರದ ಇಂಜೆಕ್ಷನ್, ಆಪರೇಷನ್ ಆದ ಮೇಲೆ ತೂಕ ಮತ್ತೆ ಏರಿದವರಿಗೂ ಇದನ್ನು ಕೊಡುತ್ತಾರೆ. ಇಂಜೆಕ್ಷನ್ ತಗೊಂಡರೆ ಆಪರೇಷನ್ ಸೋತಂತೆ ಅಂತ ಮಾತಾಡುವವರ ಜೊತೆ ನಾನು ವಾದ ಮಾಡುವುದಿಲ್ಲ. ಬಿಪಿಗೆ ಒಂದು ಮಾತ್ರೆ ಸಾಲದಿದ್ದರೆ ಎರಡನೆಯದು ಕೊಡುತ್ತಾರೆ, ಆಗ ಯಾರೂ ಸೋಲಿನ ಮಾತಾಡುವುದಿಲ್ಲ ಅಲ್ವಾ? ಎರಡನೇ ಆಪರೇಷನ್ ಮಾತ್ರ ನನ್ನ ಪಟ್ಟಿಯಲ್ಲಿ ಕೊನೆಯದು, ಮೊದಲನೆಯದಕ್ಕಿಂತ ಅದರಲ್ಲಿ ತೊಡಕು ಜಾಸ್ತಿ.

ಪಾರ್ಟಿಯಲ್ಲಿ ಕುಡಿಯುವ ಬಗ್ಗೆ ಇಬ್ಬರು ಕೇಳಿದ್ದರು. ಬೈಪಾಸ್ ಆದ ಮೇಲೆ ಆಲ್ಕೋಹಾಲ್ ಬೇಗ ರಕ್ತಕ್ಕೆ ಸೇರುತ್ತದೆ, ಮಟ್ಟವೂ ಜಾಸ್ತಿ ಏರುತ್ತದೆ, ಚಟ ಅಂಟಿಕೊಳ್ಳುವ ಅಪಾಯ ಎರಡನೇ ವರ್ಷದಿಂದ ಏರುತ್ತದೆ ಅಂತ 2012ರಲ್ಲೇ ಅಧ್ಯಯನ ಬಂದಿದೆ. ನಾನು ಸೋಡಾ ನಿಂಬೆಯನ್ನೂ ಬಿಟ್ಟವನು, ಗ್ಯಾಸ್ ತಡೆಯುವುದಿಲ್ಲ. ನೀರು ಹಿಡಿದುಕೊಂಡು ನಿಲ್ಲುತ್ತೇನೆ, ಯಾರೂ ಗಮನಿಸುವುದಿಲ್ಲ.

ಮುಂದಿನ ತಿಂಗಳು ಮೂಳೆ ಎಷ್ಟು ಗಟ್ಟಿಯಿದೆ ಅಂತ ನೋಡುವ ಡೆಕ್ಸಾ ಸ್ಕ್ಯಾನ್ ಇದೆ, ಆಗಸ್ಟ್‌ನಲ್ಲಿ ಫೆರಿಟಿನ್ ಮತ್ತೆ. ಅದು ಏರದಿದ್ದರೆ ಕಬ್ಬಿಣವನ್ನು ಡ್ರಿಪ್‌ನಲ್ಲಿ ಹಾಕುತ್ತೇವೆ ಅಂದಿದ್ದಾರೆ. ಬಾರ್‌ನಲ್ಲಿ 50 ಕೆಜಿ ಆಗುತ್ತದಾ ಅಂತಲೂ ನೋಡಬೇಕು. ಎರಡೂ ರಿಪೋರ್ಟ್ ಕೈಗೆ ಬಂದ ಮೇಲೆ ಮುಂದಿನದನ್ನು ಬರೆಯುತ್ತೇನೆ.