ಹಳೇ ಮಿಲಿಟರಿ ಟೊಪ್ಪಿ: ಬ್ಯಾಡ್ಜ್ ಕೊನೆಗೆ ನೋಡಿ

ಮುಂಬಯಿಯ ಚೋರ್ ಬಜಾರಿನಲ್ಲಾಗಲಿ ಪುಣೆಯ ಜೂನಾ ಬಜಾರಿನಲ್ಲಾಗಲಿ, ಹಳೇ ಮಿಲಿಟರಿ ಟೊಪ್ಪಿ ಕೈಗೆ ಬಂದರೆ ಎಲ್ಲರ ಕಣ್ಣೂ ಮೊದಲು ಬ್ಯಾಡ್ಜ್ ಮೇಲೆ ಬೀಳುತ್ತದೆ. ಹಳೇ ಟೊಪ್ಪಿಗಳ ಅಸಲಿ-ನಕಲಿ ಪರೀಕ್ಷಿಸುವ ಈ ಕೆಲಸಕ್ಕೆ ಹೊಸದಾಗಿ ಸೇರುವ ನಮ್ಮ ಹುಡುಗರಿಗೆ ಮೊದಲು ಬಿಡಿಸುವ ಅಭ್ಯಾಸ ಇದೇ. ಬ್ಯಾಡ್ಜ್ ಹಿಂದಿನ ಪಿನ್ ಎಳೆದರೆ ಸಾಕು, ಬೇರೊಂದನ್ನು ಸಿಕ್ಕಿಸಬಹುದು. ವರ್ಷಗಟ್ಟಲೆ ಬೆವರು ಕುಡಿದ ಒಳಪಟ್ಟಿಯನ್ನು ಹಾಗೆ ಬದಲಿಸಲು ಬರುವುದಿಲ್ಲ.

ಆದ್ದರಿಂದ ಟೊಪ್ಪಿಯನ್ನು ಮಗುಚಿ ಹಿಡಿಯಿರಿ. ಚರ್ಮದ ಒಳಪಟ್ಟಿ ಸಾಮಾನ್ಯವಾಗಿ ಹಣೆಯ ಕಡೆ ಹೆಚ್ಚು ಕಪ್ಪಾಗಿ, ಹಿಂದಕ್ಕೆ ಹೋದಂತೆ ತಿಳಿಯಾಗುತ್ತದೆ. ಸುತ್ತಲೂ ಒಂದೇ ಸಮ ಕಪ್ಪಾಗಿದ್ದರೆ ಚಹಾದ ನೀರೋ ಪಾಲಿಶೋ ಬಳಿದಿರುವ ಸಂಶಯ ಇಟ್ಟುಕೊಳ್ಳಿ. ಪಟ್ಟಿಯನ್ನು ಮೆಲ್ಲಗೆ ಹೊರಕ್ಕೆ ಮಡಚಿದರೆ, ಬಿಸಿಲು ಕಾಣದ ಬಟ್ಟೆ ಹೊರಗಿನದಕ್ಕಿಂತ ಗಾಢ ಬಣ್ಣದಲ್ಲಿರಬೇಕು. ಸೈಜ್ ಕೂಡ ಅಲ್ಲೇ ಸಿಗುತ್ತದೆ. ಬ್ರಿಟಿಷ್ ಲೆಕ್ಕದಲ್ಲಿ 6⅞, 7, 7⅛ ಎಂದು. ಜರ್ಮನ್ ಟೊಪ್ಪಿಯಲ್ಲಿ 56, 57, 58 ಎಂದು ಸೆಂಟಿಮೀಟರಿನಲ್ಲಿ. ಬಾಣದ ಗುರುತಿನ ಕೆಳಗೆ ಇಂಗ್ಲಿಷಿನ ‘ಐ’ ಅಕ್ಷರವಿದ್ದರೆ ಅದು ಬ್ರಿಟಿಷ್ ಇಂಡಿಯಾ ಸರ್ಕಾರದ ಸಾಮಾನು. ಗುರುತಿಲ್ಲವೆಂದ ಮಾತ್ರಕ್ಕೆ ನಕಲಿ ಎನ್ನಬೇಡಿ. ಆಫೀಸರುಗಳು ದುಡ್ಡು ಕೊಟ್ಟು ದರ್ಜಿಯಿಂದ ಹೊಲಿಸಿಕೊಂಡ ಟೊಪ್ಪಿಗಳಿಗೆ ಆ ಮುದ್ರೆ ಇರುವುದಿಲ್ಲ.

ನೆತ್ತಿಯ ಅಸ್ತರಿಯ ಮೇಲೆ ಶಂಕರಪೋಳಿ ಆಕಾರದ ಪಾರದರ್ಶಕ ತುಂಡು ಇದ್ದರೆ ಮೂಸಿ ನೋಡಿ. ಹಳೇ ಕಾಲದ ಪ್ಲಾಸ್ಟಿಕ್ಕಾದ ಸೆಲ್ಯುಲಾಯ್ಡ್ ಹಳದಿಗಟ್ಟಿ, ಮುದುರಿ, ಕರ್ಪೂರದ ವಾಸನೆ ಬಿಡುತ್ತದೆ. ಕಾದ ಸೂಜಿ ಚುಚ್ಚಿ ನೋಡುವ ಸಾಹಸ ಖಂಡಿತ ಬೇಡ, ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುತ್ತದೆ.

ನನ್ನ ಪ್ರಕಾರ ಅತಿ ನಂಬಿಕಸ್ಥ ಸಾಕ್ಷಿ ಹೊಲಿಗೆಯ ದಾರ. ಪಾಲಿಯೆಸ್ಟರ್‌ಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಅರ್ಜಿ ಹಾಕಿದ್ದು 1941ರಲ್ಲಿ. ಮಾರುಕಟ್ಟೆಗೆ ಬಂದದ್ದು ಯುದ್ಧ ಮುಗಿದ ಮೇಲೆ. ಎರಡನೇ ಮಹಾಯುದ್ಧದ ಟೊಪ್ಪಿಯ ಮೂಲ ಹೊಲಿಗೆಯಲ್ಲಿ ಅದು ಇರಲು ಸಾಧ್ಯವಿಲ್ಲ. ಮಾಲೀಕರ ಒಪ್ಪಿಗೆ ಪಡೆದು, ಒಳಗಿನ ಸಡಿಲ ದಾರದ ಐದು ಮಿಲಿಮೀಟರ್ ತುಣುಕನ್ನು ಚಿಮಟದಲ್ಲಿ ಹಿಡಿದು, ಟೊಪ್ಪಿಯಿಂದ ದೂರ ಸುಡಿ. ಹತ್ತಿ ಕಾಗದದ ವಾಸನೆ ಬೀರಿ ಬೂದಿಯಾಗುತ್ತದೆ, ಉಣ್ಣೆ ಕೂದಲು ಸುಟ್ಟಂತೆ ನಾರುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಸುಡುವ ಮೊದಲು ಕತ್ತಲೆಯಲ್ಲಿ 365 ನ್ಯಾನೋಮೀಟರಿನ ಯುವಿ ಟಾರ್ಚ್ ಹಿಡಿಯಿರಿ. ಬಿಳಿ-ನೀಲಿಯಾಗಿ ಝಗ್ಗೆಂದು ಹೊಳೆದರೆ ದಾರ ಹೊಸದಿರಬಹುದು. ಆದರೆ ನೌಕಾಪಡೆಯ ಬಿಳಿ ಟೊಪ್ಪಿಯನ್ನು ಮನೆಯವರು ಬಟ್ಟೆಗೆ ಬಿಳುಪು ಕೊಡುವ ಟಿನೋಪಾಲ್ ಹಾಕಿ ಒಗೆದಿದ್ದರೆ ಹಳೇ ಬಟ್ಟೆಯೂ ಹೊಳೆಯುತ್ತದೆ. ಯುವಿ ಒಂದನ್ನೇ ನೆಚ್ಚಿಕೊಂಡು ತೀರ್ಪು ಕೊಡಬೇಡಿ.

ಮುಂಬಯಿಯಲ್ಲಿ ಇನ್ನೊಂದು ಗೊಂದಲ ಸಿನಿಮಾ, ನಾಟಕದ ಟೊಪ್ಪಿಗಳದ್ದು. ವೇಷದ ಬಟ್ಟೆ ಬಾಡಿಗೆಗೆ ಕೊಡುವ ಡ್ರೆಸ್‌ವಾಲಾಗಳ ಗೋದಾಮಿನಿಂದ ಹೊರಬಿದ್ದ ಇವು ನಿಜಕ್ಕೂ ಹಳೆಯವು, ಆದರೆ ಮಿಲಿಟರಿಯವಲ್ಲ. ಹಣೆಯ ಮುಂದೆ ಚಾಚಿದ ಪೀಕ್‌ನೊಳಗೆ ರಟ್ಟು, ಒಳಪಟ್ಟಿಗೆ ರೆಕ್ಸಿನ್, ಹಣೆಯಂಚಿನಲ್ಲಿ ಬಣ್ಣದ ಮೇಕಪ್ ಕಲೆ ಕಂಡರೆ ಅಲ್ಲಿಗೆ ಮುಗಿಯಿತು.

ಈಗ ಬ್ಯಾಡ್ಜ್. ಅಚ್ಚೊತ್ತಿದ್ದರ ಹಿಂಬದಿಯಲ್ಲಿ ಮುಂದಿನ ಚಿತ್ರದ ತಗ್ಗು ಕಾಣುತ್ತದೆ. ಎರಕದ್ದು ಮೊಂಡಾಗಿ, ಸಣ್ಣ ಗುಳಿಗಳಿಂದ ಕೂಡಿದ್ದು ನಕಲಿಯ ಸಂಶಯ ಹುಟ್ಟಿಸುತ್ತದೆ. ಆದರೆ ಭಾರತೀಯ ಪಡೆಗಳಿಗೆ ಇಲ್ಲಿಯ ಕುಶಲಕರ್ಮಿಗಳು ಎರಕ ಹೊಯ್ದ ಅಸಲಿ ಬ್ಯಾಡ್ಜುಗಳೂ ಇವೆ. 1950ರ ಜನವರಿ 26ರಂದು ಬ್ರಿಟಿಷ್ ಕಿರೀಟದ ಜಾಗಕ್ಕೆ ಅಶೋಕ ಸಿಂಹ ಬಂತು. ಡೊಂಬಿವಲಿಯ ಕನ್ನಡ ಮನೆಯವರು ಅಜ್ಜನ ಟೊಪ್ಪಿ ತಂದಾಗ, ಒಳಗೆಲ್ಲ ಕಿರೀಟದ ಕಾಲದ ಲಕ್ಷಣ, ಹೊರಗೆ ಸಿಂಹ ಇದ್ದರೆ ಗಾಬರಿ ಬೇಡ. ಬ್ಯಾಡ್ಜ್ ಸರಿಸಿ, ಅಡಿಯಲ್ಲಿ ಎರಡನೇ ಜೊತೆ ತೂತುಗಳೂ ಬಣ್ಣ ಮಾಸದ ಕಿರೀಟದ ನೆರಳೂ ಇವೆಯೇ ನೋಡಿ. ಇದ್ದರೆ ಅಜ್ಜ ಎರಡೂ ಕಾಲದಲ್ಲಿ ಸೇವೆಯಲ್ಲಿದ್ದಿರಬಹುದು, ಸರ್ವಿಸ್ ಬುಕ್ ಕೇಳಿ. ನಾವಿಕರ ಟೊಪ್ಪಿಯ ರಿಬ್ಬನ್ ಮೇಲೆ ‘ಎಚ್.ಎಂ.ಐ.ಎಸ್.’ (ಹಿಸ್ ಮೆಜೆಸ್ಟೀಸ್ ಇಂಡಿಯನ್ ಶಿಪ್) ಎಂದಿದ್ದರೆ ಅದು 1934ರಿಂದ 1950ರ ನಡುವಿನದು. ಗೋವಾದ ಹಳೇ ಮನೆಗಳಿಂದ ಬರುವ ಪೋರ್ಚುಗೀಸ್ ಬ್ಯಾಡ್ಜಿನಲ್ಲಿ ಕಿರೀಟವಿದ್ದರೆ, ಪೋರ್ಚುಗಲ್ಲಿನಲ್ಲಿ ರಾಜಪ್ರಭುತ್ವ ಕೊನೆಗೊಂಡ 1910ಕ್ಕಿಂತ ಹಿಂದಿನ ವಿನ್ಯಾಸ ಅದು.

ಹಿತ್ತಾಳೆ ಚರ್ಮಕ್ಕೆ ತಾಗಿದಲ್ಲಿ ಹಸಿರು ಮೇಣದಂಥ ಕಿಲುಬು ಕಟ್ಟಿದ್ದರೆ, ಫೋಟೊ ತೆಗೆದ ಮೇಲೆ ಬಿದಿರಿನ ಕಡ್ಡಿಯಿಂದ ಕೆರೆದು ತೆಗೆಯಿರಿ. ಬ್ರಾಸೋ ಮುಟ್ಟಿಸಬೇಡಿ, ಉಜ್ಜಿದಷ್ಟೂ ಅಚ್ಚಿನ ಗೆರೆಗಳು ಸವೆಯುತ್ತವೆ. ನೂರು ವರ್ಷ ದಾಟಿದ ಟೊಪ್ಪಿ 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರಬಹುದು, ಖಾಸಗಿಯವರು ಅಂಥದ್ದನ್ನು ವಿದೇಶಕ್ಕೆ ಕಳಿಸುವಂತಿಲ್ಲ. ಹೊರದೇಶದ ಗಿರಾಕಿ ಕೇಳಿದರೆ ಮುಂಗಡ ಹಿಡಿಯುವ ಮೊದಲೇ ಇದನ್ನು ಹೇಳಿಬಿಡಿ.