ಕುಂಬಳೆ ಪೇಟೆಯ ಹಳೇ ಅಂಗಡಿ: ಸಿಮೆಂಟು ಇಳಿಯಿತು

ಕಾಸರಗೋಡಿನ ಕುಂಬಳೆಯಲ್ಲಿರುವ ನಮ್ಮ ಹಳೇ ಅಂಗಡಿಯನ್ನು ಮೊದಲಿನ ರೂಪಕ್ಕೆ ತರುತ್ತಿದ್ದೇವೆ. ಮುಂಭಾಗದ ಸಿಮೆಂಟು ಈ ವಾರ ಪೂರ್ತಿ ಇಳಿಯಿತು. ಫ್ಲೆಕ್ಸ್ ಬೋರ್ಡು, ಅಲ್ಯುಮಿನಿಯಂ ಶೀಟು, ರೋಲಿಂಗ್ ಶಟರ್ ಎಲ್ಲ ಮೊದಲೇ ಹೋಗಿದ್ದವು. ಈಗ ಅಜ್ಜ ಕಟ್ಟಿಸಿದ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಗೋಡೆ ಬೀದಿಯಿಂದಲೇ ಕಾಣುತ್ತಿದೆ.

ಮಷಿನ್ ಹಚ್ಚಿದ್ದರೆ ಬೇಗ ಮುಗಿಯುತ್ತಿತ್ತು. ಮೇಸ್ತ್ರಿ ಒಪ್ಪಲಿಲ್ಲ, ನನಗೂ ಅದೇ ಸರಿ ಅನ್ನಿಸಿತು. ಮುರಕಲ್ಲು ನೆಲದಿಂದ ತೆಗೆಯುವಾಗ ಮೆದು. ಗಾಳಿ ತಾಗಿದಂತೆ ಹೊರಮೈ ಗಟ್ಟಿಯಾಗುತ್ತದೆ. ಆ ಮೈ ಎದ್ದುಹೋದರೆ ಒಳಗಿನದು ಪುಡಿ ಉದುರಲು ಶುರು. ಹಾಗಾಗಿ ಉಳಿ, ಸುತ್ತಿಗೆ ಹಿಡಿದೇ ಎಬ್ಬಿಸಿದೆವು. ಸಿಮೆಂಟಿನ ಹಿಂದೆ ಸೊಂಟದೆತ್ತರದವರೆಗೂ ಕಲ್ಲು ಒದ್ದೆ. ನೆಲದಿಂದ ಏರಿದ ತೇವಕ್ಕೆ ಹೊರಬರಲು ದಾರಿ ಇರಲಿಲ್ಲ. ನಮ್ಮ ಕರಾವಳಿಯ ಮಳೆಗೆ ಸುಣ್ಣದ ಗಾರೆಯೇ ಆಗಬೇಕು, ಅದು ನೀರು ಕುಡಿದರೂ ಬಿಟ್ಟುಕೊಡುತ್ತದೆ.

ಬಾಗಿಲ ಮೇಲುಗಡೆ ಕೆರೆಯುತ್ತಿದ್ದ ಹುಡುಗ ಕೂಗಿದ. ಹಳೇ ಗಾರೆಯಲ್ಲೇ ಎಬ್ಬಿಸಿ ಮಾಡಿದ ಕನ್ನಡ ಅಕ್ಷರಗಳು! 'ಜವಳಿ ವ್ಯಾಪಾರ' ಎಂಬುದು ಸ್ಪಷ್ಟ. 'ವ್ಯಾ'ದ ಒತ್ತಿನ ಬಾಲವನ್ನು ಕರಣೆಯ ತುದಿಯಲ್ಲಿ ಎಷ್ಟು ಚೆಂದಕ್ಕೆ ತಿರುಗಿಸಿದ್ದಾರೆ! ಕಾಸರಗೋಡು ದಕ್ಷಿಣ ಕನ್ನಡದ ತಾಲೂಕಾಗಿದ್ದಾಗ, ಅಂದರೆ 1956ಕ್ಕೆ ಮೊದಲು, ಬರೆಸಿದ್ದೆಂದು ದೊಡ್ಡಪ್ಪನ ನೆನಪು. ಅದರ ಮುಂದಿನ ಹೆಸರು ಸಿಮೆಂಟು ಹಿಡಿಯಲೆಂದು ಹಿಂದೆ ಯಾರೋ ಕೊಚ್ಚಿದ್ದರಲ್ಲಿ ಹೋಗಿದೆ. ಹಳೇ ಫೋಟೊ ಸಿಕ್ಕಿದರೆ ಮಾತ್ರ ಅದನ್ನು ಮಾಡಿಸುವುದು, ಅಂದಾಜಿನ ಮೇಲೆ ಬೇಡ.

ಹಂಚು ಇಳಿಸಿ, ಪಾಚಿ ಉಜ್ಜಿ ತೊಳೆದಾಯಿತು. ಕೆಲವದರಲ್ಲಿ ಬಾಸೆಲ್ ಮಿಶನ್ ಮುದ್ರೆ, 1865 ಎಂಬ ಇಸವಿ. ನೋಡಿದವರೆಲ್ಲ ಕಟ್ಟಡವೇ ಅಷ್ಟು ಹಳತು ಅನ್ನುತ್ತಾರೆ. ಅದು ಆ ಮಿಶನ್ನಿನವರ ಮಂಗಳೂರಿನ ಹಂಚಿನ ಕಾರ್ಖಾನೆ ಶುರುವಾದ ವರ್ಷ, ಹಂಚು ಸುಟ್ಟ ವರ್ಷವಲ್ಲ. ಒಡೆದವಕ್ಕೆ ಬದಲು, ಕೆಡವಿದ ಮನೆಗಳ ಹಂಚು ಹುಡುಕುತ್ತಿದ್ದೇನೆ.

ಅಟ್ಟದಲ್ಲಿ ಅಂಗಡಿಯ ನಿಲುವು ಹಲಗೆಗಳೂ ಸಿಕ್ಕಿವೆ, ಹಲಸಿನವು. ಒಂದರ ಪಕ್ಕ ಒಂದು ನಿಲ್ಲಿಸಿ ಅಂಗಡಿ ಮುಚ್ಚುವ ಹಲಗೆಗಳಿವು. ಯಾವುದರ ಪಕ್ಕ ಯಾವುದೆಂದು ತಿಳಿಯಲು ಹಿಂಬದಿಯಲ್ಲಿ ಕನ್ನಡ ಅಂಕೆ ಕೊರೆದಿದ್ದಾರೆ. ೩ ಮತ್ತು ೭ ಇಲ್ಲ. ಹಲಗೆ ಜಾರಿಸಲು ಹೊಸ್ತಿಲಿನಲ್ಲಿ ಕೊರೆದ ಸೀಳಿನಲ್ಲಿ ತುಂಬಿದ್ದ ಕಾಂಕ್ರೀಟು ತೆಗೆದು ೧ನ್ನು ಕೂರಿಸಿ ನೋಡಿದೆವು, ಸರಿಯಾಗಿ ಜಾರಿತು.

ಮಳೆಗಾಲಕ್ಕೆ ಮುಂಚೆ ಮಾಡಿನ ಪಕ್ಕಾಸು (ಇಳಿಜಾರಿನ ತೊಲೆ), ರೀಪು (ಹಂಚು ಕೂರುವ ಪಟ್ಟಿ) ಸರಿಮಾಡಿ ಹಂಚು ಹೊದೆಸಬೇಕು. ಗಾರೆಗೆ ಅವಸರವಿಲ್ಲ, ಗೋಡೆಯ ತೇವ ಆರಲಿ, ತುಲಾ ತಿಂಗಳ (ಅಕ್ಟೋಬರ್-ನವೆಂಬರಿನ) ಮಳೆಯೂ ಕಳೆಯಲಿ. ಚಿಪ್ಪಿನ ಸುಣ್ಣವನ್ನು ಈಗಲೇ ನೀರಲ್ಲಿ ಹಾಕಿಟ್ಟಿದ್ದೇವೆ, ಹಳತಾದಷ್ಟೂ ಒಳ್ಳೆಯದು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಹೊಯಿಗೆ (ಮರಳು), ಕಲಸಲು ಬೆಲ್ಲ ಮತ್ತು ಅಳಲೆಕಾಯಿ ಕೊಳೆಸಿದ ನೀರು. ಮೊದಲು ಹಿಂಬದಿಯ ಗೋಡೆಗೆ ಸ್ವಲ್ಪ ಹಚ್ಚಿ, ಬಿರುಕು ಬಿಡುತ್ತದೋ ನೋಡುತ್ತೇವೆ.