ಐದು ಸೆಕೆಂಡಿನ ಮಿತಿ ಯಾವ ಮಷೀನಿಗೆ?

ಆರ್ಡರ್ ಪುಟದ ಟೆಸ್ಟ್ ಲ್ಯಾಪ್‌ಟಾಪಿನಲ್ಲಿ ಪ್ರತಿ ಸಲವೂ ಪಾಸ್, ಸಿಐನಲ್ಲಿ (ಕೋಡ್ ಸೇರಿಸಿದಾಗಲೆಲ್ಲ ಟೆಸ್ಟುಗಳನ್ನು ತಾನೇ ಓಡಿಸುವ ವ್ಯವಸ್ಥೆಯಲ್ಲಿ) ಮಾತ್ರ ಆಗಾಗ ಫೇಲ್. ಇಂಥಲ್ಲಿ ಎಲ್ಲ ಟೈಮ್‌ಔಟುಗಳನ್ನೂ (ಕಾಯುವ ಮಿತಿಗಳನ್ನೂ) 60 ಸೆಕೆಂಡಿಗೆ ಏರಿಸಿಬಿಡೋಣ ಅನ್ನಿಸುವುದು ಸಹಜ. ಹಾಗೆ ಮಾಡಿದರೆ ನಿಜವಾದ ದೋಷ ಬಂದ ದಿನ ಪ್ರತಿ ಟೆಸ್ಟೂ ಒಂದೊಂದು ನಿಮಿಷ ಸುಮ್ಮನೆ ಕಾಯುತ್ತದೆ.

ಈ ಟೆಸ್ಟ್, ಬ್ರೌಸರನ್ನು ತಾನೇ ನಡೆಸಿ ಪುಟಗಳನ್ನು ಪರೀಕ್ಷಿಸುವ ಪ್ಲೇರೈಟ್ ಎಂಬ ಸಾಧನದ್ದು. ಅದರಲ್ಲಿ ಇಡೀ ಟೆಸ್ಟಿಗೆ ಡೀಫಾಲ್ಟ್ ಮಿತಿ 30 ಸೆಕೆಂಡ್, ಪುಟದಲ್ಲಿ ನಿರೀಕ್ಷಿಸಿದ್ದು ಕಂಡಿತೇ ಎಂದು ನೋಡುವ ಎಕ್ಸ್‌ಪೆಕ್ಟ್‌ಗೆ 5. ಕ್ಲಿಕ್‌ಗೆ ಪ್ರತ್ಯೇಕ ಮಿತಿಯೇ ಇಲ್ಲ. ಬಟನ್ ಸಿಗದಿದ್ದರೆ ಟೆಸ್ಟಿನ 30 ಸೆಕೆಂಡನ್ನೂ ಅದೊಂದೇ ನುಂಗುತ್ತದೆ. ಆದ್ದರಿಂದ ಕ್ಲಿಕ್‌ನಂಥ ಕ್ರಿಯೆಗಳ ಮಿತಿಯಾದ ಆಕ್ಷನ್ ಟೈಮ್‌ಔಟ್ 10 ಸೆಕೆಂಡ್ ಎಂದು ಕಾನ್ಫಿಗ್‌ನಲ್ಲೇ ಬರೆದಿಟ್ಟೆವು.

ಫೇಲ್ ಆದ ರನ್ನುಗಳ ಲಾಗ್ ನೋಡಿ ಪ್ರಯೋಜನವಿರಲಿಲ್ಲ: ಎಲ್ಲವೂ ಸರಿಯಾಗಿ 5 ಸೆಕೆಂಡಿಗೆ ಕಡಿದುಹೋಗಿದ್ದವು. ‘ಆರ್ಡರ್ ಖಚಿತವಾಗಿದೆ’ ಎಂಬ ಸಾಲು ನಿಜಕ್ಕೂ ಎಷ್ಟು ಹೊತ್ತಿಗೆ ಬರುತ್ತದೆಂದು ತಿಳಿಯಲು ಟೆಸ್ಟಿನ ಮಿತಿಯನ್ನು 60ಕ್ಕೂ ಆ ಎಕ್ಸ್‌ಪೆಕ್ಟ್‌ನದನ್ನು ತಾತ್ಕಾಲಿಕವಾಗಿ 30ಕ್ಕೂ ಏರಿಸಿ, ಸಿಐನಲ್ಲೇ ಓಡಿಸಿ ಸಮಯ ಬರೆದುಕೊಂಡೆವು. ಸಾಮಾನ್ಯವಾಗಿ 2–3 ಸೆಕೆಂಡ್, ಅಪರೂಪಕ್ಕೆ 6 ದಾಟುತ್ತಿತ್ತು. ಎರಡು ಕೋರಿನ ಮಷೀನಿನಲ್ಲಿ ನಾಲ್ಕು ವರ್ಕರ್‌ಗಳು (ಏಕಕಾಲಕ್ಕೆ ಟೆಸ್ಟ್ ಓಡಿಸುವ ಪ್ರಕ್ರಿಯೆಗಳು) ಬ್ರೌಸರ್ ತೆರೆದು ಸಿಪಿಯುಗಾಗಿ ಗುದ್ದಾಡುತ್ತಿದ್ದವು. ವರ್ಕರ್‌ಗಳನ್ನು ಎರಡಕ್ಕೆ ಇಳಿಸಿದ್ದೇ ಹೆಚ್ಚು ಫಲ ಕೊಟ್ಟಿತು. ಆಮೇಲೆ ಆ ಒಂದು ಎಕ್ಸ್‌ಪೆಕ್ಟ್‌ಗೆ ಮಾತ್ರ 15 ಸೆಕೆಂಡ್ ಕೊಟ್ಟು, ಉಳಿದವನ್ನು 5ರಲ್ಲೇ ಬಿಟ್ಟೆವು. ಸಾಲು ಎರಡೇ ಸೆಕೆಂಡಿಗೆ ಬಂದರೆ ಟೆಸ್ಟ್ ಆಗಲೇ ಮುಂದಕ್ಕೆ ಹೋಗುತ್ತದೆ, 15 ಅನ್ನುವುದು ಮೇಲಿನ ಮಿತಿ ಅಷ್ಟೆ. ಕೋಡಿನಲ್ಲಿ 5 ಸೆಕೆಂಡಿನ ಸ್ಲೀಪ್ ಹಾಕಿದರೆ ಹಾಗಲ್ಲ, ಪ್ರತಿ ರನ್ನಿನಲ್ಲೂ ಐದೂ ಸೆಕೆಂಡ್ ಖರ್ಚು.

ಇನ್ನೊಂದು ತೊಡಕು ಸರ್ವರ್ ಕಡೆಯದು. ಪೇಮೆಂಟ್ ಕರೆಗೆ ಅಲ್ಲಿ 20 ಸೆಕೆಂಡ್ ಟೈಮ್‌ಔಟ್ ಇತ್ತು. ಟೆಸ್ಟ್ 15ಕ್ಕೇ ಕೈಬಿಟ್ಟರೆ ‘ಸಾಲು ಕಾಣಲಿಲ್ಲ’ ಎಂದಷ್ಟೇ ವರದಿ ಬರುತ್ತದೆ, ಪೇಮೆಂಟ್ ನಿಂತುಹೋದದ್ದು ಯಾರಿಗೂ ತಿಳಿಯುವುದಿಲ್ಲ. ಟೆಸ್ಟ್ ಪರಿಸರದಲ್ಲಿ ಅದನ್ನು 8ಕ್ಕೆ ಇಳಿಸಿದ ಮೇಲೆ ಪುಟದಲ್ಲೇ ಪೇಮೆಂಟ್ ದೋಷ ಕಾಣುತ್ತದೆ, ಸ್ಕ್ರೀನ್‌ಶಾಟಿನಲ್ಲೂ ಸಿಗುತ್ತದೆ. ಒಳಗಿನದು ಚಿಕ್ಕದು, ಹೊರಗಿನದು ದೊಡ್ಡದು: ಪೇಮೆಂಟ್ 8, ಎಕ್ಸ್‌ಪೆಕ್ಟ್ 15, ಟೆಸ್ಟ್ 60 ಸೆಕೆಂಡ್, ಇಡೀ ಜಾಬ್ (ಸಿಐನ ಒಂದು ಪೂರ್ತಿ ಓಟ) 20 ನಿಮಿಷ. ಈ ಕೊನೆಯದನ್ನು ಬರೆಯಲು ಮರೆಯಬೇಡಿ. ಗಿಟ್‌ಹಬ್ ಆಕ್ಷನ್ಸ್ ಎಂಬ ಸಿಐ ಸೇವೆಯ ಡೀಫಾಲ್ಟ್ 360 ನಿಮಿಷ; ಬ್ರೌಸರ್ ಎಲ್ಲಾದರೂ ಸಿಕ್ಕಿಕೊಂಡರೆ ಆರು ಗಂಟೆ ರನ್ನರನ್ನು (ಜಾಬ್ ಓಡಿಸುವ ಮಷೀನನ್ನು) ಹಿಡಿದಿಟ್ಟುಕೊಳ್ಳುತ್ತದೆ.

ಪ್ಲೇರೈಟ್‌ನಂಥದೇ ಇನ್ನೊಂದು ಸಾಧನ ಸೆಲೆನಿಯಂ ಬಳಸುವವರು ಇಂಪ್ಲಿಸಿಟ್ ವೇಟ್ (ಪುಟದ ಅಂಶ ಹುಡುಕುವಾಗಲೆಲ್ಲ ಅನ್ವಯಿಸುವ ಕಾಯುವಿಕೆ), ಎಕ್ಸ್‌ಪ್ಲಿಸಿಟ್ ವೇಟ್ (ಒಂದು ನಿರ್ದಿಷ್ಟ ಷರತ್ತಿಗಾಗಿ ಕಾಯುವುದು) ಎರಡನ್ನೂ ಬೆರೆಸಬಾರದು. ಕ್ರಮವಾಗಿ 10 ಮತ್ತು 15 ಸೆಕೆಂಡ್ ಕೊಟ್ಟರೆ ಟೈಮ್‌ಔಟ್ 20ಕ್ಕೆ ಆಗಬಹುದು ಎಂದು ಅದರ ದಾಖಲೆಯೇ ಎಚ್ಚರಿಸುತ್ತದೆ. ಇನ್ನು ಆರ್ಡರ್ 3 ಸೆಕೆಂಡಿನೊಳಗೆ ಮುಗಿಯಲೇಬೇಕೆಂಬ ಷರತ್ತಿದ್ದರೆ ಅದಕ್ಕೆ ಬೇರೆಯೇ ವೇಗದ ಟೆಸ್ಟ್ ಬರೆದು, ಬೇರೆ ಕೆಲಸವಿಲ್ಲದ ಮಷೀನಿನಲ್ಲಿ ಓಡಿಸಬೇಕು.